ಮುಳ್ಳು ಒಂದು ಕಡೆ, ಮನಸ್ಸು ಒಂದು ಕಡೆ

ಪ್ರಶ್ನೆ: ನನಗೆ 29 ವರ್ಷ. ದೊಡ್ಡಬಳ್ಳಾಪುರ ತಾಲ್ಲೂಕು ಸಾಸಲಿನವಳು. ಅಪ್ಪನಿಗೆ ರಾಗಿ ಹೊಲ, ಎರಡು ಸೀಮೆ ಹಸು. ನಾನು ದೇವನಹಳ್ಳಿ ಏರ್‌ಪೋರ್ಟ್ ಹತ್ತಿರದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕಳೆದ ಫೆಬ್ರವರಿಯಲ್ಲಿ ಮೂವರು ಸಹೋದ್ಯೋಗಿಗಳ ಜೊತೆ ಥಾಯ್ಲೆಂಡಿನ ಕೊ ಟಾವೊ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಕಲಿತೆ. ಸರ್ಟಿಫಿಕೇಟ್ ಕೂಡ ಬಂತು. ಕೋರ್ಸ್ ಮುಗಿದ ಮಾರನೇ ದಿನ ಜೋಡಿ ಜೋಡಿಯಾಗಿ ಕಂಪಾಸ್ ಹಿಡಿದು ಹೋಗಿ ಬರುವ ಅಭ್ಯಾಸ ಕೊಟ್ಟರು: 60 ಡಿಗ್ರಿ ದಿಕ್ಕಿಗೆ ಹೋಗಿ, 240ಕ್ಕೆ ತಿರುಗಿ ವಾಪಸ್ ಬರಬೇಕು. ಕಂಪಾಸ್ ನನ್ನ ಕೈಯಲ್ಲಿತ್ತು, ಟಾರ್ಚ್ ಕೂಡ. ಗೆಳತಿ ಹಿಂದೆ ಬರುತ್ತಿದ್ದಳು. ವಾಪಸ್ ಬರುವಾಗ ಮುಳ್ಳು ತೋರಿಸುತ್ತಿರುವುದು ತಪ್ಪು ಅನ್ನಿಸಿತು. ನನ್ನ ಅಂದಾಜಿನ ಕಡೆಗೇ ಈಜಿದೆ. ಬಂಡೆಯೂ ಇಲ್ಲ, ಹವಳವೂ ಇಲ್ಲ, ಸುತ್ತಲೂ ಬರೀ ಮರಳು. ಎದೆ ಹೊಡೆದುಕೊಳ್ಳತೊಡಗಿತು. ಗೆಳತಿ ಹೆಬ್ಬೆರಳು ಎತ್ತಿ 'ಮೇಲೆ ಹೋಗೋಣ' ಅಂತ ತೋರಿಸಿದಳು, ನಿಧಾನವಾಗಿ ಮೇಲೆ ಬಂದೆವು. ದೋಣಿ ಎಲ್ಲೋ ದೂರದಲ್ಲಿತ್ತು. ಬಂದು ಹತ್ತಿಸಿಕೊಂಡರು. ಏನೂ ಆಗಲಿಲ್ಲ. ಆದರೆ ಆಫೀಸಿನಲ್ಲಿ ಈಗಲೂ 'ಜಿಪಿಎಸ್ ಅಕ್ಕ' ಅಂತ ಕರೆಯುತ್ತಾರೆ. ನವೆಂಬರ್‌ನಲ್ಲಿ ಎಲ್ಲರೂ ಬಾಲಿಗೆ ಹೊರಟಿದ್ದಾರೆ, ನನ್ನ ಮುಂಗಡವೂ ಕಟ್ಟಿ ಆಗಿದೆ. ರಾತ್ರಿ ಆ ಮರಳು ಕನಸಿನಲ್ಲಿ ಬರುತ್ತದೆ. ಮನೆಯಲ್ಲಿ ಆಫೀಸ್ ಟ್ರೇನಿಂಗ್ ಎಂದು ಹೇಳಿ ಹೋಗಿದ್ದೆ. ಜಾತಕದಲ್ಲಿ ಜಲಕಂಟಕ ಇದೆ ಅಂತ ಅಮ್ಮ ನನ್ನನ್ನು ಕೆರೆ ಏರಿ ಮೇಲೂ ಒಬ್ಬಳನ್ನೇ ಬಿಟ್ಟವರಲ್ಲ. ನಮ್ಮೂರಲ್ಲಿ ಕತ್ತಲಲ್ಲೂ ದಾರಿ ತಪ್ಪದವಳು ನಾನು. ನನಗೇನಾಗಿದೆ? ಬಾಲಿಗೆ ಹೋಗಲೋ ಬೇಡವೋ?
– ಹೆಸರು ಬೇಡ, ಸಾಸಲು

ಉತ್ತರ: ಭಯದ ಬಗ್ಗೆ ನೀವು ಹಲವು ಸಾಲು ಬರೆದಿದ್ದೀರಿ. ನನ್ನ ಕಣ್ಣು ನಿಂತದ್ದು ಮಾತ್ರ 'ಕತ್ತಲಲ್ಲೂ ದಾರಿ ತಪ್ಪದವಳು ನಾನು' ಎಂಬ ಒಂದೇ ಸಾಲಿನ ಮೇಲೆ. ಚಿಕ್ಕಂದಿನಿಂದ ನಿಮ್ಮ ಬಗ್ಗೆ ನಿಮಗೊಂದು ಹೆಮ್ಮೆ ಇತ್ತು. ಅದನ್ನು ಯಾರಿಗೂ ಹೇಳಿಕೊಂಡು ತಿರುಗಿರಲಿಕ್ಕಿಲ್ಲ, ಆದರೆ ಒಳಗೆ ಭದ್ರವಾಗಿತ್ತು. ಅದು ಪರದೇಶದ ಸಮುದ್ರದ ತಳದಲ್ಲಿ, ಗೆಳತಿಯ ಕಣ್ಣೆದುರೇ ಅಲ್ಲಾಡಿತು. ಸಾಲದ್ದಕ್ಕೆ ಅಡ್ಡಹೆಸರು ಬೇರೆ. ನೀರಿನ ಭಯ ಅರ್ಧವಾದರೆ ಈ ಅವಮಾನ ಇನ್ನರ್ಧ ಅಂತ ನನಗನ್ನಿಸುತ್ತದೆ. ಎರಡೂ ಒಟ್ಟಿಗೆ ಬಂದಿರುವುದರಿಂದ ಯಾವುದು ಎಷ್ಟು ಅಂತ ನಿಮಗೇ ಬಿಡಿಸಿಕೊಳ್ಳಲು ಆಗುತ್ತಿಲ್ಲ.

'ಏನೂ ಆಗಲಿಲ್ಲ' ಅಂತ ನೀವೇ ಬರೆದಿದ್ದೀರಿ, ಆಫೀಸಿನವರೂ ಅದನ್ನೇ ಹೇಳುತ್ತಿರಬೇಕು. ಮೈಗೆ ಏನೂ ಆಗದಿದ್ದದ್ದು ದೊಡ್ಡ ಸಮಾಧಾನ, ನಿಜ. ಹಾಗಂತ ಆ ಕೆಲವು ನಿಮಿಷ ಸುಳ್ಳಾಗುವುದಿಲ್ಲ. ಬಾಯಿ ತೆರೆದು ಕೂಗುವಂತಿಲ್ಲ, ಯಾವ ಕಡೆ ತಿರುಗಿದರೂ ಒಂದೇ ಥರದ ಮರಳು, ಸಿಲಿಂಡರಿನಲ್ಲಿ ಗಾಳಿ ಇಳಿಯುತ್ತಿದೆ ಎಂಬ ಲೆಕ್ಕ ಬೇರೆ. ಅಂಥ ಹೊತ್ತಿನಲ್ಲಿ ಎದೆ ಹೊಡೆದುಕೊಂಡರೆ ಅದು ಎದೆ ಮಾಡಬೇಕಾದ ಕೆಲಸವೇ. ಈಗ ಕನಸು ಬೀಳುತ್ತಿರುವುದೂ ಹಾಗೆಯೇ. ಗಾಬರಿಯಾದದ್ದನ್ನು ಮನಸ್ಸು ತಿರುವಿ ತಿರುವಿ ನೋಡುತ್ತಿದೆ. ನಿಮಗೇನೋ 'ಆಗಿಬಿಟ್ಟಿದೆ' ಅಂದುಕೊಳ್ಳಬೇಡಿ.

ಈಗ ಆ ಹೆಮ್ಮೆಯ ವಿಷಯಕ್ಕೇ ಬರುತ್ತೇನೆ. ಸಾಸಲಿನಲ್ಲಿ ಕರೆಂಟ್ ಹೋದ ರಾತ್ರಿ ಹಾಲಿನ ಡೈರಿಯಿಂದ ಮನೆಗೆ ಬರುವಾಗ ನಿಮಗೆ ದಾರಿ ಹೇಳುತ್ತಿದ್ದದ್ದು ಏನು, ಸ್ವಲ್ಪ ನೆನಪು ಮಾಡಿಕೊಳ್ಳಿ. ಕಾಲಿಗೆ ಸಿಗುವ ಇಳಿಜಾರು. ಬೊಗಳಿದ್ದು ಯಾರ ಮನೆಯ ನಾಯಿ ಅನ್ನುವ ಗುರುತು. ಕೊಟ್ಟಿಗೆಯ ವಾಸನೆ, ಹೊಂಗೆ ಮರದ ಕೆಳಗಿನ ತಂಪು, ರಸ್ತೆ ಕಡೆಯಿಂದ ಬರುವ ಲಾರಿ ಸದ್ದು. ನಮ್ಮ ಬಯಲುಸೀಮೆಯಲ್ಲಿ ಹೊಲ ತೋರಿಸುವಾಗಲೂ ಎಡ ಬಲ ಅನ್ನುವುದು ಕಡಿಮೆ, ಮೂಡಲ ಪಡುವಲ ಅನ್ನುವುದೇ ಹೆಚ್ಚು. ಸೂರ್ಯ ಎಲ್ಲಿದ್ದಾನೆ ಎಂಬ ಲೆಕ್ಕ ಗೊತ್ತಿಲ್ಲದೆಯೇ ಮನಸ್ಸಿನಲ್ಲಿ ನಡೆಯುತ್ತಿರುತ್ತದೆ. ಅಂದರೆ ನಿಮ್ಮ ತಲೆಯೊಳಗೆ ಹುಟ್ಟಿನಿಂದ ಬಂದ ಯಾವ ಯಂತ್ರವೂ ಇಲ್ಲ. ಹತ್ತಾರು ಗುರುತುಗಳನ್ನು ಒಟ್ಟಿಗೆ ಓದುವ ಅಭ್ಯಾಸ ಇದೆ, ಅದೂ ಚೆನ್ನಾಗಿಯೇ ಇದೆ.

ನೀರಿಗಿಳಿದ ಕೂಡಲೇ ಆ ಗುರುತುಗಳು ಒಂದೊಂದಾಗಿ ಕೈಬಿಡುತ್ತವೆ. ವಾಸನೆ ಇಲ್ಲ. ಕಾಲಿಗೆ ನೆಲ ಇಲ್ಲ. ಮೈ ಹಗುರಾಗಿ ತೇಲುವುದರಿಂದ ಎತ್ತ ವಾಲಿದ್ದೇವೆ ಎಂಬುದೂ ಸರಿಯಾಗಿ ತಿಳಿಯುವುದಿಲ್ಲ. ಮುಖವಾಡದ ಗಾಜಿನಿಂದ ನೋಡಿದಾಗ ವಸ್ತುಗಳು ಇರುವುದಕ್ಕಿಂತ ಕಾಲು ಭಾಗ ಹತ್ತಿರ, ಮೂರನೇ ಒಂದು ಭಾಗ ದೊಡ್ಡದು ಅನ್ನಿಸುತ್ತವೆ. ಸದ್ದಿನ ಕಥೆ ಇನ್ನೂ ವಿಚಿತ್ರ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಕೂದಲೆಳೆಯಷ್ಟು ತಡವಾಗಿ ಮುಟ್ಟುವುದರಿಂದ ಯಾವ ಕಡೆಯಿಂದ ಬಂತೆಂದು ಗೊತ್ತಾಗುತ್ತದೆ. ನೀರಿನಲ್ಲಿ ಅದರ ವೇಗ ಸುಮಾರು 1500 ಮೀಟರ್, ನಾಲ್ಕು ಪಟ್ಟಿಗೂ ಹೆಚ್ಚು. ಎರಡು ಕಿವಿಗಳ ನಡುವಿನ ಆ ಸಮಯದ ಅಂತರ ತೀರಾ ಕಿರಿದಾಗಿ, ದೋಣಿಯ ಮೋಟಾರು ಎಲ್ಲ ದಿಕ್ಕಿನಿಂದಲೂ ಕೇಳಿದಂತಾಗುತ್ತದೆ. ಇಷ್ಟೆಲ್ಲ ಕಳೆದುಕೊಂಡ ಮೇಲೂ ಮನಸ್ಸು ಮಾತ್ರ ಊರಿನಲ್ಲಿದ್ದಷ್ಟೇ ಧೈರ್ಯವಾಗಿ 'ಈ ಕಡೆಯೇ' ಅನ್ನುತ್ತದೆ. ಕಷ್ಟ ಶುರುವಾಗುವುದು ಅಲ್ಲಿ.

ಇದು ನಿಮ್ಮೊಬ್ಬರ ಮನಸ್ಸಿನ ದೋಷವಲ್ಲ. ಜರ್ಮನಿಯ ಟ್ಯೂಬಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಯಾನ್ ಸೌಮನ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ಜನರನ್ನು ಜರ್ಮನಿಯ ಕಾಡಿನಲ್ಲೂ ಸಹಾರಾ ಮರಳುಗಾಡಿನಲ್ಲೂ ಬಿಟ್ಟು 'ನೇರವಾಗಿ ನಡೆಯಿರಿ' ಅಂದರು. ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ಜನ ಹೆಚ್ಚುಕಮ್ಮಿ ನೇರವಾಗಿಯೇ ನಡೆದರು. ಮೋಡ ಮುಚ್ಚಿದಾಗ ಸುತ್ತು ಹೊಡೆದು ತಾವೇ ನಡೆದ ಹಾದಿಯನ್ನು ದಾಟಿದರು, ಅದು ಅವರಿಗೆ ತಿಳಿಯಲೂ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದಾಗಲಂತೂ ಕೆಲವರ ಸುತ್ತು ಇಪ್ಪತ್ತು ಮೀಟರ್ ಅಗಲಕ್ಕೆ ಇಳಿದಿತ್ತು. ಪ್ರತಿಯೊಬ್ಬರಿಗೂ ತಾವು ನೇರ ಹೋಗುತ್ತಿದ್ದೇವೆ ಎಂದೇ ನಂಬಿಕೆ. ನಿಮ್ಮ ಆಫೀಸಿನ ಮೇಲೆ ದಿನವೂ ವಿಮಾನ ಇಳಿಯುತ್ತವಲ್ಲ, ಅವುಗಳ ಪೈಲಟ್‌ಗಳಿಗೂ ಮೋಡದೊಳಗೆ ಇದೇ ಪಾಡು. ವಿಮಾನ ವಾಲಿದ್ದರೂ ನೆಟ್ಟಗಿದೆ ಅಂತ ಮೈ ಹೇಳುತ್ತದೆ. ಆ ಹೊತ್ತಿನಲ್ಲಿ ಮೈ ಮಾತು ಬಿಟ್ಟು ಎದುರಿನ ಉಪಕರಣ ನಂಬುವುದಕ್ಕೆ ಅವರು ತಿಂಗಳುಗಟ್ಟಲೆ ತರಬೇತಿ ಪಡೆಯುತ್ತಾರೆ. ನಿಮ್ಮದಿನ್ನೂ ಕೆಲವೇ ದಿನಗಳ ಕಲಿಕೆ.

ಹಾಗಾದರೆ ಆ ದಿನ ಮುಳ್ಳೇ ಸರಿಯಿತ್ತೇ? ಇಲ್ಲಿ ಕೂತು ಅದನ್ನು ತೀರ್ಮಾನಿಸಲು ನನ್ನಿಂದಾಗದು. ಡೈವಿಂಗ್ ಕಲಿಸುವವರೊಬ್ಬರಿಗೆ, ನಿಮ್ಮ ಗುರುತು ಸಿಗದ ಹಾಗೆ, ವಿಷಯ ವಿವರಿಸಿ ಕೇಳಿದೆ. ನಾಲ್ಕು ಸಾಧ್ಯತೆ ಹೇಳಿದರು. ಒಂದು, ಮುಳ್ಳು ಸರಿಯೇ ಇತ್ತು, ನಿಮ್ಮ ಅಂದಾಜು ತಪ್ಪಿತು. ಎರಡು, ಕೈಯಲ್ಲಿದ್ದ ಟಾರ್ಚ್. ನೀರೊಳಗೆ ಬಳಸುವ ಎಷ್ಟೋ ಟಾರ್ಚ್‌ಗಳ ಸ್ವಿಚ್ಚಿನಲ್ಲಿ ಆಯಸ್ಕಾಂತ ಇರುತ್ತದೆ, ಹತ್ತಿರ ಹಿಡಿದರೆ ಅದು ಮುಳ್ಳನ್ನು ಎಳೆಯುತ್ತದೆ. ಮೂರು, ಕಂಪಾಸ್ ಸ್ವಲ್ಪ ವಾಲಿದರೂ ಮುಳ್ಳು ಒಳಗೆ ತಗುಲಿಕೊಂಡು ನಿಂತುಬಿಡುತ್ತದೆ, ಆಗ ನೀವು ಎತ್ತ ತಿರುಗಿದರೂ ಅದು ಸುಮ್ಮನಿರುತ್ತದೆ. ನಾಲ್ಕು, ನೀರಿನ ಸೆಳೆತ. ಮೂತಿ 240ಕ್ಕೇ ಇದ್ದರೂ ನೀರು ಪಕ್ಕಕ್ಕೆ ತಳ್ಳುತ್ತಿದ್ದರೆ ನೀವು ಸೇರುವ ಜಾಗವೇ ಬೇರೆ, ಕಂಪಾಸಿಗೆ ಆ ತಳ್ಳಾಟ ತಿಳಿಯುವುದಿಲ್ಲ. ಈ ನಾಲ್ಕರಲ್ಲಿ ಒಂದಕ್ಕೂ ನಿಮ್ಮ ಊರು, ಓದು, ಸ್ವಭಾವ ಕಾರಣವಲ್ಲ ಎಂಬುದನ್ನು ಗಮನಿಸಿ. ನಾಲ್ಕನ್ನೂ ಕಲಿತು ಸರಿಮಾಡಿಕೊಳ್ಳಬಹುದು.

ಒಂದು ಮಾತು ಮಾತ್ರ ಸ್ವಲ್ಪ ಬಿಗಿಯಾಗಿಯೇ ಹೇಳಬೇಕು. ಮುಳ್ಳು ತಪ್ಪು ಅನ್ನಿಸಿದ ಕ್ಷಣದಿಂದ ಮರಳು ಕಾಣುವವರೆಗೆ ನೀವು ಈಜುತ್ತಲೇ ಇದ್ದಿರಿ. ಹಿಂದೆ ಬರುತ್ತಿದ್ದ ಗೆಳತಿಗೆ ಆ ಅನುಮಾನ ಗೊತ್ತೇ ಇರಲಿಲ್ಲ. ಅಂಗೈ ಚಪ್ಪಟೆ ಮಾಡಿ ಅತ್ತಿತ್ತ ಅಲ್ಲಾಡಿಸಿ 'ಏನೋ ಸರಿಯಿಲ್ಲ' ಅನ್ನುವ ಸನ್ನೆಯನ್ನು ನಿಮಗೆ ಮೊದಲ ದಿನವೇ ಕಲಿಸಿರುತ್ತಾರೆ. ಅದನ್ನು ಮಾಡಲು ನಿಮಗೆ ನಾಚಿಕೆಯಾಯಿತು ಅಂತ ನನ್ನ ಊಹೆ, ತಪ್ಪಿದ್ದರೆ ಕ್ಷಮಿಸಿ. ಮುಂದಿನ ಸಲ ನೀವು ಬದಲಿಸಬೇಕಾದದ್ದು ಇದೊಂದನ್ನೇ. ಮುಳ್ಳಿಗೂ ಮನಸ್ಸಿಗೂ ಜಗಳ ಬಂತೆಂದರೆ ನಿಂತುಬಿಡಿ. ತಳದ ಹತ್ತಿರವಿದ್ದರೆ ಮರಳಿಗೆ ಒಂದು ಬೆರಳು ಊರಿ, ಉಸಿರನ್ನು ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ. ಜೊತೆಗಾತಿಗೆ ತೋರಿಸಿ. ಇಬ್ಬರೂ ಸೇರಿ ತೀರ್ಮಾನ ಮಾಡಿ.

ಆಮೇಲೆ ನಡೆದದ್ದನ್ನು ನೀವು ಸೋಲು ಅಂದುಕೊಂಡಂತಿದೆ. ನಾನು ಕೇಳಿದ ಶಿಕ್ಷಕರು ಆ ಭಾಗವನ್ನು ಮೆಚ್ಚಿಕೊಂಡರು. ದಾರಿ ತಪ್ಪಿತೆಂದು ಖಚಿತವಾದ ಮೇಲೆ ತಳದಲ್ಲಿ ಅಲೆದಾಡದೆ, ಇನ್ನೂ ಗಾಳಿ ಇರುವಾಗಲೇ, ಇಬ್ಬರೂ ಜೊತೆಯಾಗಿ, ನಿಧಾನವಾಗಿ ಮೇಲೆ ಬಂದು ದೋಣಿ ಹುಡುಕುವುದು ಪಾಠದಲ್ಲಿ ಇರುವ ಕ್ರಮವೇ. ಜೊತೆಗಾರರು ಒಬ್ಬರಿಗೊಬ್ಬರು ಕಾಣದಾದರೂ ಒಂದು ನಿಮಿಷಕ್ಕಿಂತ ಹೆಚ್ಚು ಹುಡುಕಬೇಡಿ, ಮೇಲೆ ಬಂದು ಸೇರಿಕೊಳ್ಳಿ ಅಂತಲೇ ಎಲ್ಲ ಕಡೆ ಕಲಿಸುತ್ತಾರೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಸರ್ರನೆ ಮೇಲೇರಿದ್ದರೆ ಶ್ವಾಸಕೋಶಕ್ಕೇ ಅಪಾಯವಿತ್ತು. ನೀವು ಹಾಗೆ ಮಾಡಲಿಲ್ಲ. ಎದೆ ಹೊಡೆದುಕೊಳ್ಳುತ್ತಿದ್ದರೂ ಕಲಿತದ್ದನ್ನು ಕೈಬಿಡಲಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ನಗುವವರಿಗೆ ಈ ಭಾಗ ಗೊತ್ತಿಲ್ಲದಿರಬಹುದು, ನಿಮಗಾದರೂ ಗೊತ್ತಿರಲಿ.

ಅಭ್ಯಾಸಕ್ಕೆ ಸಮುದ್ರವೇ ಬೇಕೆಂದಿಲ್ಲ. ಒಂದು ಕಂಪಾಸ್ ಕೊಂಡುಕೊಳ್ಳಿ ಅಥವಾ ಎರವಲು ತನ್ನಿ. ಭಾನುವಾರ ಊರಿಗೆ ಹೋದಾಗ ಸರ್ಕಾರಿ ಶಾಲೆಯ ಮೈದಾನದ ಮಧ್ಯಕ್ಕೆ ಹೋಗಿ. ಬೋರ್‌ವೆಲ್ ಪೈಪು, ಟ್ರಾಕ್ಟರ್, ಟ್ರಾನ್ಸ್‌ಫಾರ್ಮರ್ ಹತ್ತಿರ ಬೇಡ, ಕಬ್ಬಿಣ ಮುಳ್ಳನ್ನು ಸೆಳೆಯುತ್ತದೆ. ತಲೆ ಮೇಲೆ ದುಪ್ಪಟ್ಟಾ ಹೊದ್ದು, ಕೈಯಲ್ಲಿರುವ ಕಂಪಾಸ್ ಮತ್ತು ಕಾಲಡಿ ಮಾತ್ರ ಕಾಣುವ ಹಾಗೆ ಮಾಡಿಕೊಳ್ಳಿ. ನಿಂತ ಜಾಗದಲ್ಲಿ ಚಪ್ಪಲಿ ಬಿಟ್ಟು 60 ಡಿಗ್ರಿಗೆ ನಲವತ್ತು ಹೆಜ್ಜೆ ಹೋಗಿ, 240ಕ್ಕೆ ತಿರುಗಿ ನಲವತ್ತು ಹೆಜ್ಜೆ ಬನ್ನಿ. ಚಪ್ಪಲಿ ಎಷ್ಟು ದೂರದಲ್ಲಿದೆ ನೋಡಿ. ಆಮೇಲೆ ಪ್ರತಿ ಮೂಲೆಗೂ 90 ಡಿಗ್ರಿ ಕೂಡಿಸುತ್ತಾ ಒಂದು ಚೌಕ ನಡೆಯಿರಿ. ಊರಿನ ಮಕ್ಕಳು ಸುತ್ತ ನೆರೆದು ನಗುವುದು ಖಂಡಿತ. ನಗಲಿ, ಅವರ ಕೈಗೂ ಒಮ್ಮೆ ಕೊಡಿ. ನೀವು ಕಲಿಯುತ್ತಿರುವುದು ಗಣಿತವಲ್ಲ. 240 ಅಂದರೆ 60ಕ್ಕೆ 180 ಕೂಡಿಸಿದ್ದು ಎಂದು ಕಂಡುಹಿಡಿಯಲು ನಿಮ್ಮ ಓದು ಧಾರಾಳ ಸಾಕು. ಮನಸ್ಸು 'ಇದು ತಪ್ಪು, ತಪ್ಪು' ಅನ್ನುತ್ತಿರುವಾಗಲೂ ಕಾಲು ಮುಳ್ಳಿನ ಮಾತು ಕೇಳುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೀರಿ. ಕೆಲವು ವಾರ ಮಾಡಿದರೆ ಆ ಒಳಗಿನ ಜಗಳ ನಿಮಗೆ ಹಳೆಯ ಪರಿಚಯದಂತಾಗುತ್ತದೆ. ಪರಿಚಯವಾದದ್ದಕ್ಕೆ ಅಷ್ಟು ಬೆಚ್ಚುವುದಿಲ್ಲ.

ಕಂಪಾಸ್ ಕೊಳ್ಳುವಾಗ ಒಂದು ಸಣ್ಣ ವಿಷಯ. ಭೂಮಿಯ ಆಯಸ್ಕಾಂತದ ಸಮಭಾಜಕ ರೇಖೆ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. 1963ರಲ್ಲಿ ನಮ್ಮ ನೆಲದಿಂದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿದ್ದು ಆ ಕಾರಣಕ್ಕೇ. ಹಾಗಾಗಿ ನಮ್ಮ ಕಡೆ ಮುಳ್ಳು ಹೆಚ್ಚುಕಮ್ಮಿ ಮಟ್ಟಸವಾಗಿ ನಿಲ್ಲುತ್ತದೆ. ಬಾಲಿ ಆ ರೇಖೆಯ ದಕ್ಷಿಣಕ್ಕಿದೆ, ಅಲ್ಲಿ ಮುಳ್ಳಿನ ದಕ್ಷಿಣದ ತುದಿ ಕೆಳಗೆ ಬಾಗುತ್ತದೆ. ಯೂರೋಪಿಗೋ ಅಮೆರಿಕಕ್ಕೋ ಎಂದು ತೂಕ ಹೊಂದಿಸಿದ ಕಂಪಾಸನ್ನು ಯಾರಾದರೂ ಉಡುಗೊರೆ ಕೊಟ್ಟರೆ ಅದನ್ನು ಊರಿನ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಬಾಲಿಯಲ್ಲಿ ಅಲ್ಲಿಯವರದ್ದನ್ನೇ ಬಾಡಿಗೆಗೆ ಕೇಳಿ.

ನೀರಿನಲ್ಲಿ ಬಳಸುವಾಗ ಮುಳ್ಳನ್ನೇ ದಿಟ್ಟಿಸುತ್ತಾ ಈಜಬೇಡಿ. ದಿಕ್ಕು ಹೊಂದಿಸಿ, ಕಂಪಾಸನ್ನು ಮಟ್ಟಸವಾಗಿ ಎದುರಿಗೆ ಹಿಡಿದು, ಅದರ ನೇರಕ್ಕೆ ಒಂದು ಬಂಡೆಯನ್ನೋ ಹವಳದ ಗುಡ್ಡೆಯನ್ನೋ ಗುರುತಿಸಿಕೊಳ್ಳಿ. ಅಲ್ಲಿಗೆ ಹೋಗಿ ಮುಂದಿನದನ್ನು ಗುರುತಿಸಿ. ಟಾರ್ಚ್ ಇನ್ನೊಂದು ಕೈಗೆ ಹೋಗಲಿ. ನಿಮ್ಮ ಹಳೆಯ ವಿದ್ಯೆ ಮತ್ತೆ ಉಪಯೋಗಕ್ಕೆ ಬರುವುದೂ ಇಲ್ಲೇ: ದಡದ ಹತ್ತಿರ ಮರಳಿನ ಮೇಲಿನ ಅಲೆಯ ಗೀರುಗಳು ಸಾಮಾನ್ಯವಾಗಿ ದಡಕ್ಕೆ ಸಮಾನಾಂತರವಾಗಿ ಮೂಡಿರುತ್ತವೆ, ತಳದ ಇಳಿಜಾರು ಆಳದ ಕಡೆ ತೋರಿಸುತ್ತದೆ, ಬೆಳಗಿನ ಬಿಸಿಲು ನೀರಿನೊಳಗೂ ಓರೆಯಾಗಿ ಬೀಳುತ್ತದೆ. ಹೋಗುವಾಗ ಇವನ್ನೆಲ್ಲ ನೋಡಿಟ್ಟುಕೊಂಡರೆ ಬರುವಾಗ ಮುಳ್ಳು ಒಂಟಿಯಾಗಿರುವುದಿಲ್ಲ. ಗೆಳತಿ ಸುಮ್ಮನೆ ಹಿಂದೆ ಬರುವುದೂ ಬೇಡ, ಪಕ್ಕಕ್ಕೆ ಬರಲಿ. ಒಬ್ಬರು ದಿಕ್ಕು ನೋಡಿಕೊಂಡರೆ ಇನ್ನೊಬ್ಬರು ಆಳ, ಸಮಯ, ಗಾಳಿ ನೋಡಿಕೊಳ್ಳಲಿ. ಎಲ್ಲ ಭಾರವನ್ನೂ ಒಬ್ಬಳ ಮೇಲೆ ಹೊರಿಸಿ ಆಮೇಲೆ ಅಡ್ಡಹೆಸರಿಡುವುದು ಯಾವ ನ್ಯಾಯ?

ಇನ್ನು ಅಮ್ಮ. ಇದು ಕಂಪಾಸಿಗಿಂತ ಕಷ್ಟದ ವಿಷಯ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ಕೂರೋಣ.

ಜಲಕಂಟಕದ ಮಾತನ್ನು ನೀವು ಬರೆದ ರೀತಿಯಲ್ಲಿ ಒಂದಿಷ್ಟು ಬೇಸರವಿದೆ. ಜಾತಕ ನಂಬುವುದು ಬಿಡುವುದು ನಿಮ್ಮ ಮನೆಗೆ ಬಿಟ್ಟದ್ದು, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಅಮ್ಮನ ಭಯಕ್ಕೆ ಜಾತಕವೊಂದೇ ಕಾರಣ ಅಂದುಕೊಳ್ಳಬೇಡಿ. ನಮ್ಮ ಬಯಲುಸೀಮೆಯಲ್ಲಿ ಈಜು ಬಲ್ಲವರು ಕಡಿಮೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಕಲಿಸಿದವರು ಇನ್ನೂ ಕಡಿಮೆ. ವರ್ಷಗಟ್ಟಲೆ ಒಣಗಿದ್ದ ಕೆರೆ ಒಂದು ಮಳೆಗಾಲದಲ್ಲಿ ತುಂಬಿ ಕೋಡಿ ಬಿದ್ದಾಗ, ಅದರ ಆಳ ಗೊತ್ತಿಲ್ಲದ ಮಕ್ಕಳು ಇಳಿಯುತ್ತಾರೆ. ಹೊಲಗಳಲ್ಲಿ ತೋಡಿದ ಕೃಷಿ ಹೊಂಡಗಳಿಗೆ ಹಾಸಿದ ಪ್ಲಾಸ್ಟಿಕ್ ಎಷ್ಟು ಜಾರುತ್ತದೆಂದರೆ, ಬಿದ್ದವರು ಹತ್ತಿ ಬರಲಾಗದೆ ಜೀವ ಕಳೆದುಕೊಂಡ ಸುದ್ದಿಗಳನ್ನು ನೀವೂ ಓದಿರುತ್ತೀರಿ. 'ಕೆರೆ ತಾವ ಹೋಗ್ಬೇಡ ಕಣಮ್ಮ' ಅನ್ನುವಾಗ ನಿಮ್ಮಮ್ಮ ಕಂಡದ್ದನ್ನೂ ಕೇಳಿದ್ದನ್ನೂ ಸೇರಿಸಿ ಹೇಳುತ್ತಿದ್ದರು. ಆ ಭಯಕ್ಕೆ ಗೌರವ ಕೊಟ್ಟರೆ ಮಾತು ಶುರುಮಾಡಲು ಜಾಗ ಸಿಗುತ್ತದೆ.

ನೀವು ಹೇಳಿದ ಸುಳ್ಳಿಗೆ ನಾನು ನಿಮ್ಮನ್ನು ದೂರುವುದಿಲ್ಲ. ನೋಯಿಸಬಾರದೆಂದು ಹೇಳಿದ್ದೀರಿ. ಅದರಿಂದ ಇನ್ನೊಂದು ತೊಂದರೆಯಾಗಿದೆ ಅಷ್ಟೆ: ಭಯವಾದಾಗ ಮಡಿಲಲ್ಲಿ ತಲೆಯಿಟ್ಟು ಹೇಳಿಕೊಳ್ಳಬಹುದಾಗಿದ್ದ ಒಬ್ಬರ ಮುಂದೆಯೇ ನೀವು ನಗುಮುಖ ಹೊತ್ತು ಓಡಾಡಬೇಕಾಗಿದೆ. ಕನಸು ಬಿಡದಿರಲು ಅದೂ ಒಂದು ಕಾರಣ ಇರಬಹುದು. ಜೊತೆಗೆ ವ್ಯವಹಾರದ ಕಾರಣವೂ ಇದೆ. ಪರದೇಶದಲ್ಲಿ ನೀರಿಗಿಳಿಯುವವರು ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲೇಬೇಕು. ಎಷ್ಟೋ ಪ್ರಯಾಣ ವಿಮೆಗಳಲ್ಲಿ ಡೈವಿಂಗ್ ಸೇರಿರುವುದಿಲ್ಲ, ಅದನ್ನೂ ಓದಿ ನೋಡಿಕೊಳ್ಳಿ.

ಹೇಗೆ ಹೇಳುವುದು? ಒಂದೇ ಉಸಿರಿಗೆ ಎಲ್ಲವನ್ನೂ ಸುರಿಯಬೇಡಿ. ನಿಮ್ಮಮ್ಮ ಅಪ್ಪು ಅಭಿಮಾನಿಯಾಗಿದ್ದರೆ ದಾರಿ ಸುಲಭ. 2022ರ ಅಕ್ಟೋಬರ್‌ನಲ್ಲಿ ಬಂದ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ನೀರಿನೊಳಗೆ ಇಳಿದದ್ದನ್ನು ಮನೆಮಂದಿಯೆಲ್ಲ ನೋಡಿರುತ್ತೀರಿ. ಅದನ್ನು ಇನ್ನೊಮ್ಮೆ ಒಟ್ಟಿಗೆ ನೋಡಿ, 'ಅಮ್ಮಾ, ಇದನ್ನ ನಾನೂ ಕಲ್ತಿದೀನಿ' ಅನ್ನಿ. ಬೈಗುಳ ಬೀಳುತ್ತದೆ, ಬೀಳಲಿ. ಮಾತು ಬಿಟ್ಟರೆ ಒಂದೆರಡು ದಿನ ಕಾಯಿರಿ. ಆಮೇಲೆ ನೀರಿನ ಕೆಳಗೆ ಉಸಿರಾಡುವುದು ಹೇಗೆ, ಜೊತೆಗಾರರು ಯಾಕೆ ಇರುತ್ತಾರೆ, ದಾರಿ ತಪ್ಪಿದರೆ ಏನು ಮಾಡುತ್ತಾರೆ ಅಂತ ಹೇಳಿ. ಶಾಲೆ ಮೈದಾನದ ಅಭ್ಯಾಸಕ್ಕೂ ಕರೆದುಕೊಂಡು ಹೋಗಿ. ಅಷ್ಟಾದರೂ ಒಪ್ಪದೆ ಇರಬಹುದು. 29 ವರ್ಷದ ನಿಮಗೆ ನಿಮ್ಮ ತೀರ್ಮಾನ ತೆಗೆದುಕೊಳ್ಳುವ ಹಕ್ಕಿದೆ, ಅವರಿಗೆ ಭಯಪಡುವ ಹಕ್ಕಿದೆ. ಎರಡೂ ಒಂದೇ ಮನೆಯಲ್ಲಿ ಇರುವುದು ಸಾಧ್ಯ.

ಬಾಲಿಯ ವಿಷಯ. 'ಹೋಗಿ' ಅಂತಲೂ 'ಬೇಡ' ಅಂತಲೂ ನಾನು ಹೇಳುವುದಿಲ್ಲ. ಅಡ್ಡಹೆಸರು ಅಳಿಸಿಹಾಕಲೆಂದು ಮಾತ್ರ ಹೊರಟಿದ್ದರೆ ನಿಲ್ಲಿ, ಹಟದಿಂದ ನೀರಿಗಿಳಿಯುವುದು ಕ್ಷೇಮವಲ್ಲ. ಮತ್ತೆ ಆ ನೀಲಿಯನ್ನೂ ಮೀನುಗಳನ್ನೂ ನೋಡಬೇಕೆಂಬ ಆಸೆ ಒಂದಿಷ್ಟಾದರೂ ಉಳಿದಿದ್ದರೆ, ನೇರವಾಗಿ ಬಾಲಿಗೆ ಹಾರುವ ಬದಲು ಒಂದು ಮೆಟ್ಟಿಲು ಮಧ್ಯೆ ಇಟ್ಟುಕೊಳ್ಳಿ. ಬೆಂಗಳೂರಿನಲ್ಲೇ ಈಜುಕೊಳದಲ್ಲಿ ಸ್ಕೂಬಾ ಅಭ್ಯಾಸ ಮಾಡಿಸುವವರಿದ್ದಾರೆ, ಅವರಲ್ಲಿ ಪುನರಭ್ಯಾಸದ ಪಾಠ ಕೇಳಿ. ಕೊಳದ ಗೋಡೆಯ ಕಾಂಕ್ರೀಟಿನಲ್ಲಿ ಕಬ್ಬಿಣ ಇರುವುದರಿಂದ ಅಲ್ಲಿ ಮುಳ್ಳು ಚಂಚಲವಾದರೆ ಹೆದರಬೇಡಿ. ಮಳೆಗಾಲ ಕಳೆದು ಸಮುದ್ರ ತಿಳಿಯಾದ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ, ನೇತ್ರಾಣಿಯೂ ಇದೆ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್. ಶಿಕ್ಷಕರ ಪಕ್ಕದಲ್ಲೇ ಒಂದು ಡೈವ್ ಮಾಡಿ, ಕೊ ಟಾವೊದಲ್ಲಿ ನಡೆದದ್ದನ್ನು ಮೊದಲೇ ತಿಳಿಸಿ. ಅವರು ತುಂಬಿಸಿಕೊಳ್ಳುವ ಆರೋಗ್ಯದ ಫಾರಂನಲ್ಲಿ ಗಾಬರಿ, ಆತಂಕದ ಪ್ರಶ್ನೆಗೆ ನಿಜವನ್ನೇ ಬರೆಯಿರಿ. ವೈದ್ಯರ ಒಪ್ಪಿಗೆ ಪತ್ರ ಬೇಕೆಂದರೆ ತಂದುಕೊಡಿ.

ಬಾಲಿಗೆ ಹೋದರೆ ತುಲಂಬೆನ್‌ಗೂ ಕರೆದುಕೊಂಡು ಹೋಗುತ್ತಾರೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಏಟು ತಿಂದು ಆ ದಡಕ್ಕೆ ಬಂದು ನಿಂತ 'ಲಿಬರ್ಟಿ' ಎಂಬ ಅಮೆರಿಕದ ಸರಕು ಹಡಗು, 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ಈಗ ಅದರ ತುಂಬ ಹವಳ, ಮೀನು. ಅಷ್ಟು ಕಬ್ಬಿಣದ ಪಕ್ಕದಲ್ಲಿ ಎಂಥ ಅನುಭವಿಯ ಕಂಪಾಸೂ ದಾರಿ ತಪ್ಪುತ್ತದೆ. ಅಲ್ಲಿ ಹಡಗಿನ ಮೈಯನ್ನೇ ಗುರುತಾಗಿಟ್ಟುಕೊಂಡು ಈಜುತ್ತಾರೆ. ನಿಮ್ಮ ಸಹೋದ್ಯೋಗಿಗಳಿಗೆ ಇದನ್ನು ಮೊದಲೇ ಹೇಳಿ ನೋಡಿ. 'ಜಿಪಿಎಸ್ ಅಕ್ಕ' ಅಂದಾಗ ಸುಮ್ಮನೆ ನಕ್ಕು ಒಳಗೆ ನುಂಗಿಕೊಳ್ಳುವುದಕ್ಕಿಂತ, ಅವರಲ್ಲಿ ಹತ್ತಿರದವರೊಬ್ಬರನ್ನು ಪಕ್ಕಕ್ಕೆ ಕರೆದು 'ಆ ದಿನ ನನಗೆ ನಿಜವಾಗಿಯೂ ಭಯವಾಗಿತ್ತು, ಆ ಹೆಸರು ನೋಯಿಸುತ್ತೆ' ಅನ್ನಿ. ತಮಾಷೆ ಮಾಡುವ ಬಹುಪಾಲು ಜನರಿಗೆ ಅದು ಚುಚ್ಚುತ್ತಿದೆ ಎಂಬುದೇ ತಿಳಿದಿರುವುದಿಲ್ಲ. ಇದನ್ನು ಓದುತ್ತಿರುವವರಲ್ಲೂ ಯಾರಿಗೋ ಪ್ರೀತಿಯಿಂದ ಅಡ್ಡಹೆಸರಿಟ್ಟವರು ಇರಬಹುದು. ಒಮ್ಮೆ ಕೇಳಿ ನೋಡಿ.

ನೀವು ಬರೆದ ಪ್ರಕಾರ ತಿಂಗಳುಗಳೇ ಕಳೆದಿವೆ, ಕನಸು ನಿಂತಿಲ್ಲ. ಹಾಗಾಗಿ ಇನ್ನೂ ಕಾಯುವುದು ಬೇಡ, ಒಬ್ಬ ಆಪ್ತಸಮಾಲೋಚಕರನ್ನು ಈಗಲೇ ಕಾಣಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಕೆಡುತ್ತಿದ್ದರೆ, ಸ್ನಾನದ ನೀರು ಮುಖಕ್ಕೆ ಬಿದ್ದರೂ ಬೆಚ್ಚುವಂತಾಗಿದ್ದರೆ, ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೂ ಹೋಗಬಹುದು. ಇಂಥ ಒಂದು ಘಟನೆಯ ಭಯಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ.

ಉಳಿದದ್ದು ಮುಂಗಡದ ಹಣ. ಅದು ಹೋದರೆ ಹೋಗಲಿ ಅಂತ ಹೇಳುವುದು ನನಗೆ ಸುಲಭ, ದುಡಿದವರಿಗೆ ಕಷ್ಟ. ಆದರೆ ಬಾಲಿಗೆ ಹೋಗುವುದು ಬೇರೆ, ನೀರಿಗಿಳಿಯುವುದು ಬೇರೆ. ಡೈವಿಂಗಿನಲ್ಲಿ ಯಾರು ಬೇಕಾದರೂ, ಯಾವ ಹೊತ್ತಿನಲ್ಲಾದರೂ, ಕಾರಣ ಹೇಳದೆಯೇ 'ಇವತ್ತು ನನಗೆ ಬೇಡ' ಅನ್ನಬಹುದು, ಜೊತೆಗಿರುವವರು ಯಾಕೆಂದು ಕೇಳುವಂತಿಲ್ಲ. ದೋಣಿ ಹತ್ತಿದ ಮೇಲೂ, ಸಿಲಿಂಡರ್ ಬೆನ್ನಿಗೇರಿದ ಮೇಲೂ ಈ ನಿಯಮ ನಡೆಯುತ್ತದೆ. ಹೊರಡುವ ಮೊದಲೇ ಗೆಳತಿಯ ಜೊತೆ ಅದನ್ನು ಮಾತಾಡಿಟ್ಟುಕೊಳ್ಳಿ, ಅವಳಿಗೂ ಅದು ಬೇಕಾಗಬಹುದು.